ಈ ರಾಶಿ ಜೋಳದ್ದಲ್ಲ

ಹಳೆಯ ಬೂಟಿನ ಬ್ರಷ್ಷಿನಿಂದ ಹಸೀನಾಬೇಗಂ ಫ್ಯಾನಿನ ಜಾಳಿಗೆಯನ್ನು ಮೂರನೇ ಸಲ ತಿಕ್ಕುತ್ತಿದ್ದಾರೆ. ಬಕೆಟ್ಟಿನ ನೀರು ಆಗಲೇ ಕೆಂಪಗಾಗಿದೆ. ಬೆಳಗಿನ ಆರು ಗಂಟೆ. ಇದು ಕುಷ್ಟಗಿಯ ಕಾಲೇಜೊಂದರ ಹಿಂಬದಿಯ ಕೋಣೆ. ಗೋಡೆಯ ಉದ್ದಕ್ಕೂ ಇಪ್ಪತ್ನಾಲ್ಕು ಹಳೆ ಕಂಪ್ಯೂಟರುಗಳು, ಬೇರೆ ಬೇರೆ ಶಾಲೆಗಳು ಬೇಡವೆಂದು ಬಿಟ್ಟವು, ಗುಂಯ್ ಎನ್ನುತ್ತ ಕೂತಿವೆ. ಇಪ್ಪತ್ನಾಲ್ಕಕ್ಕೂ ಒಂದೊಂದು ಜಾಳಿಗೆ. ಕೈಯಲ್ಲಿರುವುದು ಒಂಬತ್ತನೆಯದು.

“ಇವತ್ತ ತೊಳದ್ರ ನಾಳೆ ಮತ್ತ ಅಷ್ಟ ದೂಳು. ಇದಕ್ಕ ಬ್ಯಾಸರಾನೂ ಇಲ್ಲ, ಮರ್ಯಾದಿನೂ ಇಲ್ಲ” ಎನ್ನುತ್ತಾರೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಬ್ಯಾಟರಿ ಪೆಟ್ಟಿಗೆ ಕೀಂಯ್ ಎಂದು ಅಳತೊಡಗುತ್ತದೆ. ಹಸೀನಾಬೇಗಂ ಕಿಟಕಿಯ ಕಡೆ ಕೈ ತೋರಿಸುತ್ತಾರೆ. ದೂರದ ಬಯಲಿನಲ್ಲಿ ಗಾಳಿಯಂತ್ರಗಳ ರೆಕ್ಕೆಗಳು ನಿಧಾನ ತಿರುಗುತ್ತಿವೆ. “ಅಲ್ಲಿ ಕರೆಂಟ್ ಮಾಡಕತ್ಯಾವ ನೋಡ್ರಿ, ನನ್ನ ಮುಂದನ. ಇಲ್ಲಿ ಕರೆಂಟ್ ಇಲ್ಲ.”

ಹನುಮಸಾಗರದ ಹಸೀನಾಬೇಗಂ ಅವರಿಗೆ ಈಗ ಐವತ್ತೆರಡು. ತಂದೆ ಮೆಹಬೂಬಸಾಬ ಹಗ್ಗದ ಹೊರಸು, ಅಂದರೆ ಮಂಚ, ಹೆಣೆಯುತ್ತಿದ್ದರು. ಮಗಳು ಪಿಯುಸಿ ವಿಜ್ಞಾನದಲ್ಲಿ, ಅದೂ ಭೌತಶಾಸ್ತ್ರದಲ್ಲಿ, ನಾಲ್ಕು ಅಂಕಕ್ಕೆ ನಪಾಸಾದರು. ಆಮೇಲೆ ಇದೇ ಕಾಲೇಜಿಗೆ ಕಸ ಗುಡಿಸಲು ಬಂದು, ಪ್ರಯೋಗಾಲಯದ ಅಟೆಂಡರ್ ಆಗಿ, ಹತ್ತೊಂಬತ್ತು ವರ್ಷ ಕಳೆದಿವೆ. ಎಂಟು ವರ್ಷದ ಹಿಂದೆ ಭೌತಶಾಸ್ತ್ರದ ಪ್ರಭುರಾಜ ಸರ್ ಈ ಯಂತ್ರಗಳನ್ನು ಕೂಡಿಹಾಕಿದಾಗ, ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂತು. ಯಾರೂ ಕೈ ಎತ್ತಲಿಲ್ಲ. ತಾನು ಪೊರಕೆ ಎತ್ತಿದ್ದನ್ನೇ ಕೈ ಎತ್ತಿದ್ದೆಂದು ತಿಳಿದರು ಎಂದು ಇವರು ಈಗಲೂ ತಕರಾರು ತೆಗೆಯುತ್ತಾರೆ.

ಈ ಯಂತ್ರಗಳು ಮಾಡುವುದು ಪ್ರೋಟಾನಿನಂಥ ಕಣಗಳ ದ್ರವ್ಯರಾಶಿಯ ಲೆಕ್ಕ. ಪ್ರೋಟಾನಿನೊಳಗೆ ಮೂರು ಕ್ವಾರ್ಕುಗಳು. ಒಂದನ್ನು ಬೇರೆ ಮಾಡಿ ತೂಗೋಣವೆಂದರೆ ಅದು ಒಂಟಿಯಾಗಿ ಹೊರಗೆ ಬರುವುದೇ ಇಲ್ಲ. ಅದಕ್ಕೇ ಜಾಗವನ್ನೂ ಕಾಲವನ್ನೂ ಒಂದು ಬಲೆಯಂತೆ ಹೆಣೆದು, ಕ್ವಾರ್ಕಿಗೆ ಇಷ್ಟು ತೂಕ ಎಂದು ಇಟ್ಟು ನೋಡಿ, ಕಣದ ತೂಕ ಸರಿ ಬರುವವರೆಗೆ ಲೆಕ್ಕ ಹಾಕಬೇಕು. ಹಸೀನಾಬೇಗಂ ಇದನ್ನು ಹೊರಸಿಗೆ ಹೋಲಿಸುತ್ತಾರೆ.

“ಗಂಟಿನ್ಯಾಗ ಕ್ವಾರ್ಕು, ಹಗ್ಗದಾಗ ಅವನ್ನ ಬಿಗಿಯೋ ಬಲ. ಹೊರಸಿನ ಕಣ್ಣು ಅಗಲ ಬಿಟ್ರ ಕೂಸಿನ ಕಾಲು ಸಿಗಿಬೀಳ್ತೈತಿ, ಹೌದಲ್ರಿ? ಇಲ್ಲೂ ಹಂಗ. ಕಣ್ಣು ಸಣ್ಣ ಮಾಡಿದಷ್ಟೂ ಲೆಕ್ಕ ಖರೇ ಬರ್ತೈತಿ. ಆದ್ರ ಹಗ್ಗ ಭಾಳ ಹಿಡಿತೈತಿ. ನಮ್ಮ ಕಡಿ ಅಷ್ಟ ಹಗ್ಗ ಇಲ್ಲ.” ಅಂದರೆ ಅಷ್ಟು ಬಲವಾದ ಯಂತ್ರಗಳಿಲ್ಲ. ದೊಡ್ಡ ಲೆಕ್ಕ ದೂರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಡೆಯುತ್ತದೆ. ಅದನ್ನು ತಾಳೆ ನೋಡಲು ಬೇಕಾದ ಸಣ್ಣ ಬಲೆಯ ಲೆಕ್ಕ ಇಲ್ಲಿಂದ ಹೋಗುತ್ತದೆ.

ಮೂರು ಕ್ವಾರ್ಕುಗಳ ತೂಕ ಕೂಡಿಸಿದರೆ ಪ್ರೋಟಾನಿನ ತೂಕದಲ್ಲಿ ನೂರಕ್ಕೆ ಒಂದು ಪಾಲು. ಉಳಿದದ್ದು ಅವನ್ನು ಹಿಡಿದಿಟ್ಟ ಬಲದ ಗದ್ದಲ. “ನಮ್ಮ ಆಫೀಸ್ ಇದ್ದಂಗ. ಇರೋದು ಮೂರು ಮಂದಿ. ಭಾರ ಎಲ್ಲಾ ಗದ್ದಲದ್ದು.”

ಒಂದು ಯಂತ್ರ ಹನ್ನೆರಡು ತಾಸು ಉರಿದು ಬಲೆಯ ಒಂದು ನಮೂನೆಯನ್ನು ಕೊಡುತ್ತದೆ. ಎಲ್ಲ ನೆಟ್ಟಗಿದ್ದರೆ ದಿನಕ್ಕೆ ನಲವತ್ತೆಂಟು. ಇಲ್ಲಿ ಎಲ್ಲ ನೆಟ್ಟಗಿದ್ದ ದಿನವನ್ನು ಹಸೀನಾಬೇಗಂ ಇನ್ನೂ ಕಂಡಿಲ್ಲ. ಪ್ರತಿ ನಮೂನೆಗೂ ಒಂದು ಪರೀಕ್ಷೆಯ ಸಂಖ್ಯೆ ಇದೆ. ಈ ಬಲೆಗೆ ಅದು ಸೊನ್ನೆ ಪಾಯಿಂಟ್ ಐದು ಒಂಬತ್ತು ಮೂರು, ಆಮೇಲಿನ ಅಂಕಿ ಅತ್ತಿತ್ತ ಆಗಬಹುದು. ದಿನಾ ಬೆಳಿಗ್ಗೆ ಅದನ್ನೂ ಕೋಣೆಯ ಶಾಖವನ್ನೂ ಹಾಳೆಯಲ್ಲಿ ಬರೆದಿಡುವುದು ಇವರ ಕೆಲಸ. ಬರೆದದ್ದನ್ನು ಓದಿ ತಾಳೆ ನೋಡು ಎಂದು ಯಾರೂ ಹೇಳಿರಲಿಲ್ಲ. ನಪಾಸಾದ ವಿಷಯವನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲವಂತೆ.

ಮೇ ತಿಂಗಳಲ್ಲಿ ಅವರಿಗೆ ಕಂಡದ್ದು ಹನ್ನೊಂದನೇ ಯಂತ್ರದ ಚಾಳಿ. ಉಳಿದವು ಐದು ಒಂಬತ್ತು ಮೂರು ಅನ್ನುವಾಗ ಅದು ಐದು ಒಂಬತ್ತು ಒಂದು ಎನ್ನುತ್ತಿತ್ತು. ಹಿಂದಿನ ಹಾಳೆಗಳನ್ನು ತಿರುವಿದರೆ ಇಪ್ಪತ್ತೇಳು ದಿನದಿಂದ ಅದೇ ಹಾಡು. ಕೋಣೆಯ ಬಿಸಿಗೆ ಅದರ ಮೆಮೊರಿ ಚಿಪ್ ಹಾಳಾಗಿ ಅಂಕಿಗಳನ್ನು ಕೆಡಿಸುತ್ತಿತ್ತು. ಪ್ರಭುರಾಜ ಸರ್ ಮೊದಲು ನಂಬಲಿಲ್ಲ. “ಹಸೀನಾಬಿ, ಎರಡು ಅಂಕಿಗೆ ಯಾಕಿಷ್ಟು ಹೊಯ್ಕೊಳ್ತೀರಿ?” ಅಂದರು. ಅದೇ ಲೆಕ್ಕವನ್ನು ಬೇರೆ ಯಂತ್ರದಲ್ಲಿ ಓಡಿಸಿ ನೋಡಿದ ಮೇಲೆ ಕುರ್ಚಿ ಎಳೆದು ಕೂತರು. ಅಷ್ಟು ಹೊತ್ತಿಗೆ ಎರಡು ಸಾವಿರ ನಮೂನೆಗಳ ಕಟ್ಟು ಸಂಸ್ಥೆಗೆ ತಲುಪಿತ್ತು. ಅದರೊಳಗೆ ಕೆಟ್ಟವು ಐವತ್ನಾಲ್ಕು.

ಸರ್ ಅದೇ ದಿನ ಮಿಂಚಂಚೆ ಕಳಿಸಿದರು. ಉತ್ತರವೂ ಬಂತು: ಕಾಲೇಜಿನ ಹೆಸರಲ್ಲಿ ಕೊಟ್ಟ ಲೆಕ್ಕವನ್ನು ಹಿಂಪಡೆಯಲು ಪ್ರಾಚಾರ್ಯರ ಸಹಿ, ಜಾವಕ ನಂಬರು ಇರುವ ಪತ್ರವೇ ಬೇಕು, ಆಗಸ್ಟ್ ಮೂವತ್ತರೊಳಗೆ ಬರದಿದ್ದರೆ ಇದ್ದದ್ದು ಇದ್ದಂತೆ ಅಚ್ಚಿಗೆ ಹೋಗುತ್ತದೆ. “ಅಂದ್ರ ಪ್ರೋಟಾನು ಒಂಚೂರು ದಪ್ಪ ಆಗಿ ಅಚ್ಚಾಗ್ತೈತಿ. ಗೊತ್ತಿದ್ದೂ ಸುಮ್ನ ಕೂಡೂದು ಹೆಂಗ್ರಿ?” ಎನ್ನುತ್ತಾರೆ ಹಸೀನಾಬೇಗಂ.

ಜೂನ್ ಮೂರರಂದು ಪತ್ರ ಗುಮಾಸ್ತ ಗವಿಸಿದ್ದಪ್ಪನವರ ಮೇಜಿಗೆ ಹೋಯಿತು. ವಿಷಯ: ದ್ರವ್ಯರಾಶಿ ಲೆಕ್ಕದಿಂದ ಐವತ್ನಾಲ್ಕು ನಮೂನೆ ಹಿಂಪಡೆಯುವ ಬಗ್ಗೆ. ರಾಶಿ ಎಂದರೆ ಗವಿಸಿದ್ದಪ್ಪನವರಿಗೆ ಗೊತ್ತಿದ್ದದ್ದು ಒಂದೇ. ನಮೂನೆ ಎಂದರೆ ಕಾಳಿನ ಸ್ಯಾಂಪಲ್ಲು. ಪತ್ರವನ್ನು ರೈತರ ವಿಚಾರ ನೋಡುವ ಒಂದು ಕಚೇರಿಗೆ ಕಳಿಸಿ ನಿಶ್ಚಿಂತರಾದರು. ಆರು ವಾರ ಕಳೆದು ಅದು ವಾಪಸ್ ಬಂತು, ಮೇಲೆ ಕೆಂಪು ಶಾಯಿ: ಸದರಿ ರಾಶಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

“ಗವಿಸಿದ್ದಪ್ಪಣ್ಣ, ಇದು ಜ್ವಾಳದ ರಾಶಿ ಅಲ್ಲೋ ಮಾರಾಯ.”

“ಹಂಗಾರ ಕಡ್ಲಿದೇನ್ರಿ ಅಕ್ಕಾರ?”

“ಪ್ರೋಟಾನಿಂದು.”

“ಯಾವ ಊರಾಗ ಬೆಳಿತಾರ ಅದನ್ನ?”

ಎರಡನೇ ಸಲ ಪ್ರಾಚಾರ್ಯರು ರಜೆಯಲ್ಲಿದ್ದರು. ಪ್ರಭಾರದಲ್ಲಿದ್ದವರು, ಪ್ರಭಾರದಲ್ಲಿರುವವರು ಸಹಿ ಮಾಡಬಾರದೆಂದರು. ಮೂರನೇ ಸಲ ಗವಿಸಿದ್ದಪ್ಪನವರ ಜಾವಕ ವಹಿಯಲ್ಲಿ ತೂಕ ಬರೆಯುವ ಕಾಲಂ ಖಾಲಿ ಉಳಿಯಿತು. “ಎಷ್ಟು ಕ್ವಿಂಟಲ್ ಹೇಳ್ರಿ, ಬರ್ಕೋತೀನಿ. ಖಾಲಿ ಬಿಡಾಂಗಿಲ್ಲ.” ಅದನ್ನೇ ಕಂಡುಹಿಡಿಯಲು ಎಂಟು ವರ್ಷದಿಂದ ಇಪ್ಪತ್ನಾಲ್ಕು ಯಂತ್ರ ಉರಿಸುತ್ತಿದ್ದೇವೆ ಎಂದು ಹಸೀನಾಬೇಗಂ ಹೇಳಿದರು. ಗವಿಸಿದ್ದಪ್ಪನವರು ‘ತೂಕ ನಡೆದಿದೆ’ ಎಂದು ಬರೆದುಕೊಂಡರು.

ಇವತ್ತು ಆಗಸ್ಟ್ ಇಪ್ಪತ್ತೈದು. ಜಾಳಿಗೆಗಳು ಮುಗಿದು, ಹತ್ತೂವರೆಗೆ ಪ್ರಾಚಾರ್ಯರ ಕೋಣೆಯಿಂದ ಕರೆ ಬರುತ್ತದೆ. ಪತ್ರ ಮತ್ತೆ ಟೈಪಾಗಿದೆ. ಪ್ರಭುರಾಜ ಸರ್ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಾರೆ. ಹಸೀನಾಬೇಗಂ ನಿಂತೇ ಓದುತ್ತಾರೆ. ಕಾರಣದ ಜಾಗದಲ್ಲಿ ‘ಸಿಬ್ಬಂದಿಯ ಅಲಕ್ಷ್ಯದಿಂದ’ ಎಂದಿದೆ. ಆ ಕೋಣೆಗೆ ಸಿಬ್ಬಂದಿ ಅಂದರೆ ಅವರೊಬ್ಬರೇ.

“ಯಾರ ಮ್ಯಾಲರೆ ಹಾಕಬೇಕಲ್ಲವಾ, ಸುಮ್ನ ಒಂದು ಮಾತು” ಎನ್ನುತ್ತಾರೆ ಪ್ರಾಚಾರ್ಯರು.

“ನನ್ನ ಮ್ಯಾಲೆ ಹಾಕ್ರಿ ಸರ, ನನಗೇನು. ಆದ್ರ ಅವರು ಇದನ್ನ ಓದಿದ ಮ್ಯಾಲೆ ಐವತ್ನಾಲ್ಕು ಅಷ್ಟ ತಗಿಯಂಗಿಲ್ಲ. ಅಲಕ್ಷ್ಯ ಮಾಡಿದ ಹೆಂಗಸು ಉಳಿದ ಇಪ್ಪತ್ಮೂರು ಯಂತ್ರ ಹೆಂಗ ನೋಡ್ಯಾಳು ಅಂತ ಕೇಳ್ತಾರ. ಎರಡು ಸಾವಿರಾನೂ ತಿಪ್ಪಿಗೆ ಹೋಕ್ಕಾವ. ಕಾಲೇಜಿನ ಹೆಸರೂ ಹೋಗ್ತೈತಿ. ಆಗಿದ್ದು ಬಿಸಿಗೆ. ಬಿಸಿ ಅಂತ ಬರೀರಿ. ಯಾವ ದಿನ ಎಷ್ಟು ಶಾಖ ಇತ್ತು, ನಾ ಬರದದ್ದು ಐತಿ, ಅದನ್ನ ಜೋಡಿಸ್ರಿ.”

ಪ್ರಾಚಾರ್ಯರು ಪ್ರಭುರಾಜ ಸರ್ ಮುಖ ನೋಡುತ್ತಾರೆ. ಸರ್, “ಅಕಿ ಹೇಳೋದ ಖರೇ ಐತ್ರಿ” ಎನ್ನುತ್ತಾರೆ. ಪ್ರಾಚಾರ್ಯರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಆಮೇಲೆ ಆ ಎರಡು ಪದಗಳ ಮೇಲೆ ಗೆರೆ ಬಿದ್ದು ‘ಅತಿ ಶಾಖದಿಂದ’ ಎಂದಾಗುತ್ತದೆ. ಹೊಸದಾಗಿ ಟೈಪ್ ಮಾಡಿಸಲು ಮತ್ತೆ ಒಂದು ತಾಸು. ಸಹಿ. ಜಾವಕ ನಂಬರು ನಾಲ್ಕುನೂರಾ ಹದಿನೇಳು. ಗವಿಸಿದ್ದಪ್ಪನವರು ಮೊಹರನ್ನು ಎರಡು ಸಲ ಒತ್ತುತ್ತಾರೆ. ಟಪಾಲಿನವನ ಕೈಗೆ ಕೊಡಿ ಎಂದರೆ ಹಸೀನಾಬೇಗಂ ಕೇಳುವುದಿಲ್ಲ, ಲಕೋಟೆಯನ್ನು ತಾವೇ ಎದೆಗವಚಿಕೊಂಡು ಹೊರಡುತ್ತಾರೆ.

ಈ ಲೆಕ್ಕ ಅಚ್ಚಾದಾಗ ಹೆಸರು ಬರಬೇಕೆಂಬ ಆಸೆ ಇಲ್ಲವೇ ಎಂದು ಕೇಳಿದರೆ ಅವರಿಗೆ ರೇಗುತ್ತದೆ. “ಹೆಸರು ತಗೊಂಡು ಏನ್ ಮಾಡ್ಲಿ? ಅಂಕಿ ಛಲೋ ಇರ್ಲಿ ಸಾಕು. ಕೊಡೋದಿದ್ರ ಆ ಕೋಣಿಗೊಂದು ಎ.ಸಿ. ಕೊಡ್ರಿ.”

ಅಂಚೆ ಕಚೇರಿಯಲ್ಲಿ ಸಾಲು ಉದ್ದವಿದೆ. ಇವರ ಪಾಳಿ ಬರುವಾಗ ಹನ್ನೆರಡೂವರೆ. ಕಿಂಡಿಯ ಹುಡುಗಿ ಸ್ಪೀಡ್ ಪೋಸ್ಟಿನ ಚೀಟಿ ಅಂಟಿಸುತ್ತ, ತಲೆ ಎತ್ತದೆ, “ಒಳಗೇನೈತ್ರಿ?” ಎಂದು ಕೇಳುತ್ತಾಳೆ.

“ತಪ್ಪು ಐತವ್ವಾ, ನಮ್ಮದ” ಎನ್ನುತ್ತಾರೆ ಹಸೀನಾಬೇಗಂ. “ಲಗೂನ ಮುಟ್ಟಬೇಕು.”