ಚೀಟಿಯಿಂದ ಹೆಸರು ತೆಗೆಸಿದ ಕ್ಲೆಮ್

ಶುಕ್ರವಾರ ಸಂಜೆ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ನಮ್ಮ ಬೌಲ್ಸ್ ಕ್ಲಬ್ಬಿನಲ್ಲಿ, ಮಾಂಸದ ತಟ್ಟೆಯ ಲಾಟರಿ ಎತ್ತುತ್ತಿದ್ದವನು ಕ್ಲೆಮ್ ಹ್ಯಾರಿಗನ್. ಕುರಿಯ ಚಾಪ್ಸು, ಸಾಸೇಜು, ಒಂದು ಕೋಳಿ, ಇಷ್ಟಕ್ಕೆ ಊರೇ ಬಿಯರ್ ಹಿಡಿದು ಕಾಯುತ್ತದೆ. ಎತ್ತುವವನ ಮನೆಯವರು ಗೆಲ್ಲಬಾರದು ಎನ್ನುವುದು ಅವನೇ ಮಾಡಿಕೊಂಡ ಕಟ್ಟಳೆ. ಒಮ್ಮೆ ಹೆಂಡತಿ ಬೆರಿಲ್ ಕೊಂಡ ಚೀಟಿ ಬಂದಾಗ ಅದನ್ನು ಡಬ್ಬಕ್ಕೆ ವಾಪಸ್ ಹಾಕಿ ಬೇರೆ ಎತ್ತಿದ. ಆ ವಾರವೆಲ್ಲ ಬೆರಿಲ್ ಅವನಿಗೆ ಬರೀ ಟೋಸ್ಟ್ ಕೊಟ್ಟಳು. ನಾನು ಬೆರಿಲ್‌ಳ ತಮ್ಮ. ಭಾವನ ಪ್ರಾಮಾಣಿಕತೆ ನನಗೂ ಆಗಾಗ ತಲೆನೋವು ತರಿಸುತ್ತಿತ್ತು.

ಕರುಳಿನ ಕ್ಯಾನ್ಸರ್ ಪತ್ತೆಗೆಂದು ಸರ್ಕಾರ ಅಂಚೆಯಲ್ಲಿ ಕಳಿಸುವ ಮಲಪರೀಕ್ಷೆಯ ಪೊಟ್ಟಣವನ್ನು ಎಲ್ಲರೂ ಅಸಹ್ಯಪಟ್ಟು ಮೂಲೆಗೆ ಎಸೆಯುತ್ತಾರೆ. ಕ್ಲೆಮ್ ತಾನೂ ಕಳಿಸಿದ, ಪಕ್ಕದ ಮನೆಯ ವಿಧವೆ ನೋಲೀನ್ ಪ್ರಿಚರ್ಡ್ ಕೂಡ ಕಳಿಸುವಂತೆ ಮಾಡಿದ. ಇಬ್ಬರ ಕರುಳಲ್ಲೂ ಗಡ್ಡೆ ಸಿಕ್ಕಿತು.

ಆಸ್ಪತ್ರೆಯವರು ಒಂದು ಪ್ರಯೋಗಕ್ಕೆ ಸೇರುತ್ತೀರಾ ಎಂದು ಇಬ್ಬರನ್ನೂ ಕೇಳಿದರು. ಕೊಯ್ಯುವಾಗ ಗಡ್ಡೆಯ ಕೆಲವು ಕಣಗಳು ರಕ್ತಕ್ಕೆ ಜಾರುತ್ತವಂತೆ. ಅವನ್ನು ಹಿಡಿದು ಕೊಲ್ಲುವ ಕಾವಲಿನ ಕಣಗಳು ನಮ್ಮ ಮೈಯೊಳಗೇ ಇವೆ. ಅರಿವಳಿಕೆಗೆ ಗ್ಯಾಸ್ ಕೊಟ್ಟರೆ ಆ ಕಾವಲಿಗೂ ನಾಲ್ಕು ದಿನ ಜೋಂಪು ಹತ್ತುತ್ತದೆ, ರಕ್ತನಾಳಕ್ಕೆ ಮದ್ದು ಹಾಕಿದರೆ ಅಷ್ಟು ಹತ್ತುವುದಿಲ್ಲ ಎಂದು ಕೆಲವು ವೈದ್ಯರ ಅನುಮಾನ. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ, ರೋಗಿಗೆ ಹೇಳುವುದಿಲ್ಲ.

ನೋಲೀನ್ ಹಿಂಜರಿದಳು. "ನಾನೇನು ಇಲೀನಾ ಕ್ಲೆಮ್, ನನ್ ಮೇಲೆ ಪರೀಕ್ಷೆ ಮಾಡೋಕೆ?"

"ಇಲಿ ಆದ್ರೆ ಚೀಸಾದ್ರೂ ಸಿಕ್ತಿತ್ತು," ಎಂದ ಕ್ಲೆಮ್. "ಚೀಟಿ ಅಂದ್ಮೇಲೆ ಮೋಸ ಇಲ್ಲ ಕಣೆ. ಮುಂದೆ ಬರೋರಿಗೆ ಗೊತ್ತಾಗ್ಲಿ. ನಿನಗಿಂತ ಮೊದ್ಲು ನಂದೇ ಆಪರೇಷನ್ ಇದೆ, ನಾನು ಹೋಗಿ ಬರ್ತೀನಿ, ಆಮೇಲೆ ನೀನು."

ಕ್ಲೆಮ್ ಹೇಳಿದ್ದಾನೆ ಎಂದ ಮೇಲೆ ಅವಳು ರುಜು ಹಾಕಿದಳು.

ಅರಿವಳಿಕೆ ವೈದ್ಯ ಟಾವಿಷ್ ಬಾಯ್ಲ್ ಕ್ಲೆಮ್ ಜೊತೆ ನದಿಯಲ್ಲಿ ಗಾಳ ಹಾಕುವ ಗೆಳೆಯ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಮಲಗಿದಲ್ಲೇ ಕ್ಲೆಮ್ ಅವನ ಕೈ ಹಿಡಿದುಕೊಂಡ.

"ನನಗೆ ಏನು ಬಂತು ಹೇಳೋ."

"ಹೇಳೋ ಹಾಗಿಲ್ಲ ಅಂತ ನಿಂಗೊತ್ತು."

"ನಿಮ್ಮಪ್ಪ ಇಲ್ಲಿ ಮಲಗಿದ್ರೆ ಹೇಳ್ತಿರ್ಲಿಲ್ವಾ?"

ಟಾವಿಷ್‌ನ ಕಣ್ಣು ಗ್ಯಾಸಿನ ಯಂತ್ರದ ಕಡೆ ಹೋಗಿ ಬಂತು. ಅಷ್ಟು ಸಾಕಾಯಿತು.

"ನನ್ ಹೆಸ್ರು ತೆಗಿ. ಮದ್ದು ನರಕ್ಕೇ ಹಾಕು," ಎಂದ ಕ್ಲೆಮ್.

ಹಿಂದೆ ಸರಿಯುವುದು ರೋಗಿಯ ಹಕ್ಕು. ತೆಗೆದರು. ಇಷ್ಟರವರೆಗೆ ನಾನು ಅವನನ್ನು ಬೈಯುವುದಿಲ್ಲ. ಜೀವ ಯಾರಿಗೆ ಬೇಡ. ಆದರೆ ಮನೆಗೆ ಬಂದು ಮಲಗಿದ್ದಾಗ ನೋಲೀನ್ ಸೂಪು ತಂದಳು. "ಎಲ್ಲಾ ಚೀಟಿ ಪ್ರಕಾರಾನೇ ಆಯ್ತಾ?" ಎಂದು ಕೇಳಿದಳು. ಇವನು "ಹೂಂ" ಎಂದುಬಿಟ್ಟ. ಮರುವಾರ ಅವಳೂ ಶಸ್ತ್ರಚಿಕಿತ್ಸೆಗೆ ಹೋಗಿ ಮಲಗಿದಳು.

ಎರಡನೇ ವರ್ಷ ಕ್ಯಾನ್ಸರ್ ಅವಳ ಯಕೃತ್ತಿಗೆ ಹಬ್ಬಿತು. ಇವನು ಗಟ್ಟಿಯಾಗಿಯೇ ಇದ್ದ. ಗ್ಯಾಸಿನಿಂದಲೇ ಹಬ್ಬಿತು ಎಂದು ಯಾರೂ ಹೇಳಲಾರರು, ಅವಳಿಗೆ ಯಾವುದು ಬಂದಿತ್ತು ಎಂಬುದೂ ನಿನಗೆ ಗೊತ್ತಿಲ್ಲ ಎಂದು ಟಾವಿಷ್ ಎಷ್ಟೋ ಹೇಳಿದ. ಕ್ಲೆಮ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಲಬ್ಬಿಗೆ ಹೋಗುವುದು ಬಿಟ್ಟ. ಯಾರಾದರೂ "ನಿನ್ನಂಥ ನ್ಯಾಯಸ್ಥ" ಎಂದರೆ ಎದ್ದು ಹೋಗುತ್ತಿದ್ದ. ನಾಚಿಕೆ ಅವನನ್ನು ಒಳಗೇ ತಿನ್ನುತ್ತಿತ್ತು, ನೋಡುವ ನನಗೂ ನಾಚಿಕೆ.

ಕೀಮೋಗೆ ನೋಲೀನಳನ್ನು ದೊಡ್ಡೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು ನಾನು, ಕ್ಲೆಮ್ ಇಬ್ಬರೇ. ಒಂದು ಸಲ ನಾನು ಕಾರು ಓಡಿಸುತ್ತಿದ್ದೆ, ಅವರಿಬ್ಬರೂ ಹಿಂದೆ ಕೂತಿದ್ದರು. ಗೋಧಿ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಕ್ಲೆಮ್ ಬಾಯಿಬಿಟ್ಟ.

"ನೋಲೀನ್, ನಾನು ಆ ಚೀಟೀಲಿ ಇರ್ಲಿಲ್ಲ ಕಣೆ. ಗ್ಯಾಸ್ ಬಂತು ಅಂತ ಗೊತ್ತಾಗಿ ಹೆಸ್ರು ತೆಗೆಸ್ದೆ. ನಿಂಗೆ ಸುಳ್ಳು ಹೇಳ್ದೆ."

ಅವಳು ಅವನ ಕಡೆ ತಿರುಗಿದಳು.

"ಹೆದರಿದ್ಯಾ?"

"ಹೂಂ."

"ನಾನೂ ಹೆದರಿದ್ದೆ. ಆಪರೇಷನ್ ಕೋಣೆ ಬಾಗಿಲ ಹತ್ರ ಹೋದಾಗ ಬೇಡ ಅಂದ್ಬಿಡೋಣ ಅನ್ನಿಸ್ತು. ಕ್ಲೆಮ್ ಹೋಗ್ಬಂದಿದಾನಲ್ಲ, ನಂದೇನು ಅಂತ ಬಾಯ್ಮುಚ್ಕೊಂಡು ಮಲಗ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲಾದರೂ ಆಗುತ್ತಿತ್ತು. ಆಸ್ಪತ್ರೆಗೆ ಇನ್ನೂ ಅರ್ಧ ದಾರಿ ಉಳಿದಿತ್ತು.