ಮಾಶಿ ಕೂಗು ನಿಲ್ಲಿಸಿದ ವರ್ಷ

ನಮ್ಮ ಓಣಿಯಲ್ಲಿ ಆಗ ಎಲ್ಲದಕ್ಕೂ ಧೂಳೇ ಕಾರಣ. ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿಯೆನ್ನದೆ ಹೊಸಪೇಟೆ ಹಾದು ಹೋಗುತ್ತಿದ್ದವು. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗಿರುತ್ತಿತ್ತು. ಕೆಮ್ಮು ಬಂದರೂ ಧೂಳು, ತಲೆ ನೋವಾದರೂ ಧೂಳು. ಎದುರುಮನೆಯವಳ ತಮ್ಮ, ಮೀಸೆ ಬಂದ ಗಂಡಸು, ವರ್ಷಗಟ್ಟಲೆ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಕೇಳಿದರೆ, "ಅವಂಗ ಧೂಳು ಆಗಂಗಿಲ್ರಿ" ಅನ್ನುತ್ತಿದ್ದಳು. ನಾವೂ ಹೌದೌದು ಅನ್ನುತ್ತಿದ್ದೆವು. ಗಣಿಯ ದುಡ್ಡು ಯಾರ ಮನೆ ಸೇರಿತೋ, ಧೂಳು ಮಾತ್ರ ಎಲ್ಲರ ಮನೆಗೂ ಬಂತು.

ನಾನು ಡಿಗ್ರಿ ಓದುತ್ತಿದ್ದ ಆ ದಿನಗಳಲ್ಲಿ ನಮ್ಮ ಹಿತ್ತಲ ಕೋಣೆಗಳಿಗೆ ಒಬ್ಬ ಲಾರಿ ಡ್ರೈವರ್ ತಾಯಿಯನ್ನು ಕರೆದುಕೊಂಡು ಬಾಡಿಗೆಗೆ ಬಂದ. ಸಿಂಧನೂರು ಕಡೆಯ ಬಂಗಾಳಿ ನಿರಾಶ್ರಿತರ ಕ್ಯಾಂಪಿನವರು. ತಾಯಿ ಹೊಸ ಸೊಸೆಯಾಗಿದ್ದಾಗ ಪೂರ್ವ ಬಂಗಾಳದ ಗಲಭೆಗೆ ಹೆದರಿ ಗಂಡನ ಮನೆಯವರೊಡನೆ ಗಡಿ ದಾಟಿ, ಎಲ್ಲೆಲ್ಲೋ ಡೇರೆಗಳಲ್ಲಿದ್ದು, ಕೊನೆಗೆ ಸರ್ಕಾರ ಕೊಟ್ಟ ಜಮೀನಿನಲ್ಲಿ ಬೇರೂರಿದವಳು. ಅವಳ ಹೆತ್ತಮ್ಮ ಮಾತ್ರ ಆ ಕಡೆಯೇ ಉಳಿದಿದ್ದಳು. ಈಗ ಗಂಡ ಮತ್ತು ಮಗಳು ಕ್ಯಾಂಪಿನಲ್ಲಿ ಹೊಲ ನೋಡಿಕೊಂಡಿದ್ದರು. ಕ್ಯಾಂಪಿನಲ್ಲೇ ಹುಟ್ಟಿದ ಮಗ ನಮ್ಮಂತೆಯೇ ಮಾತಾಡುತ್ತಿದ್ದ. ತಾಯಿಯದು ಮುರುಕು ಕನ್ನಡ. ಅವರಲ್ಲಿ ಚಿಕ್ಕಮ್ಮನಿಗೆ ಮಾಶಿ ಅನ್ನುತ್ತಾರೆಂದು ತಿಳಿದ ಮೇಲೆ ನಮಗೂ ಅವಳು ಮಾಶಿಯಾದಳು. ನಮ್ಮದು ಲಿಂಗ ಕಟ್ಟಿದ ಮನೆ. ಮೀನು ಬೇಯಿಸಕೂಡದು ಎಂಬುದೊಂದೇ ಅವ್ವನ ಷರತ್ತು. ಮಾಶಿ ನಕ್ಕು ತಲೆಯಾಡಿಸಿದಳು.

ಕೂಗಿನ ವಿಷಯ ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಬಂದ ದಿನ ದೀಪ ಹಚ್ಚುವ ಹೊತ್ತಿಗೆ ಹಿತ್ತಲಿನಿಂದ ಎದ್ದ ಸದ್ದಿಗೆ ಅವ್ವನ ಕೈಯಿಂದ ಚಹಾದ ಬಟ್ಟಲೇ ಜಾರಿತು. ತುಳಸಿಯ ಮುಂದೆ ನಿಂತು, ಬಾಯೊಳಗೆ ನಾಲಿಗೆ ಆಡಿಸುತ್ತ, ಒಂದೇ ಉಸಿರಿನಲ್ಲಿ ಮಾಶಿ ಉಲುಲುಲು ಎಂದು ಕೂಗುತ್ತಿದ್ದಳು. ಅದು ಅವರ ಹೆಂಗಸರು ಸಂಜೆಯ ಪೂಜೆಯಲ್ಲಿ ಮಾಡುವ ಮಂಗಳಧ್ವನಿ ಎಂದು ಮಗ ಮನೆಮನೆಗೆ ಹೋಗಿ ಹೇಳಿದ. ಯಾರು ಕೇಳಬೇಕು! "ಗಾಳಿ ಸೋಕೈತ್ರಿ ಆಕಿಗೆ," ಎಂದು ಎದುರುಮನೆಯವಳು ತೀರ್ಪು ಕೊಟ್ಟೇಬಿಟ್ಟಳು. ಅವ್ವನಿಗೂ ಒಳಗೊಳಗೆ ಅಳುಕು. ಕಂಪ್ಲಿಗೆ ಹೋದಾಗ ಅಲ್ಲಿ ಯಾರಿಂದಲೋ ತಾಯತ ಮಂತ್ರಿಸಿಕೊಂಡು ಬಂದು ಮಾಶಿಯ ತೋಳಿಗೆ ತಾನೇ ಕಟ್ಟಿದಳು. ಮಾಶಿ ಅವ್ವನ ಕಾಲಿಗೆ ನಮಸ್ಕಾರ ಮಾಡಿ ಕಟ್ಟಿಸಿಕೊಂಡಳು.

ಸ್ವಲ್ಪ ದಿನಕ್ಕೆ ಕೂಗು ನಿಂತಿತು. ಅವ್ವನ ಹೆಮ್ಮೆ ಏನು ಕೇಳುತ್ತೀರಿ! ನಲ್ಲಿಯ ಹತ್ತಿರ ಕೊಡ ತುಂಬುವವರೆಲ್ಲ, "ಮಾಶಿ ಈಗ ಆರಾಮಾಗ್ಯಾಳ" ಎಂದು ಅವ್ವನ ತಾಯತವನ್ನು ಹೊಗಳಿದರು. ಓಣಿಗೆ ನೆಮ್ಮದಿಯಾಯಿತು. ಮಾಶಿ ಮಾತು ಕಡಿಮೆ ಮಾಡಿದ್ದನ್ನು ಗಂಭೀರಳಾದಳು ಎಂದುಕೊಂಡೆವು.

ಅವ್ವನಿಗೆ ಮೊದಲು ಹೊಳೆದದ್ದು ತುಳಸಿಯಿಂದ. ಇಡೀ ಓಣಿಯಲ್ಲಿ ಹಸಿರಾಗಿದ್ದ ಗಿಡ ಅದೊಂದೇ, ಏಕೆಂದರೆ ಮಾಶಿ ದಿನಾ ಬೆಳಿಗ್ಗೆ ಅದರ ಎಲೆ ತೊಳೆಯುತ್ತಿದ್ದಳು. ಒಂದು ದಿನ ಬಟ್ಟೆ ಒಣಹಾಕಲು ಹೋದ ಅವ್ವ ನೋಡುತ್ತಾಳೆ, ಎಲೆಯ ಮೇಲೆಲ್ಲ ಕೆಂಪು ಧೂಳು ಕೂತಿದೆ. ಒಳಗೆ ಇಣುಕಿದರೆ ಮಾಶಿ ಗೋಡೆಗೆ ಒರಗಿದ್ದಾಳೆ. ಮಾಡಿದ ಅನ್ನ ಪಾತ್ರೆಯಲ್ಲೇ ಹಳಸಿದೆ.

"ಯಾಕ್ರೀ ಅಕ್ಕಾರ, ಮೈಯಾಗ ಆರಾಮಿಲ್ಲೇನು?"

ಮಾಶಿ ಅವ್ವನ ಕೈ ಹಿಡಿದು ಹೇಳಿದಳು. ಕ್ಯಾಂಪಿನಿಂದ ಬಂದ ಬಳಗದವನೊಬ್ಬ ಸುದ್ದಿ ತಂದಿದ್ದನಂತೆ: ಆ ಕಡೆ ಉಳಿದಿದ್ದ ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. "ಸಂಜೆ ಅಮ್ಮ ಅಲ್ಲಿ ಕೂಗು. ನಾನು ಇಲ್ಲಿ ಕೂಗು. ಅಮ್ಮ ಇಲ್ಲ, ಗೊತ್ತಿಲ್ಲ, ನಾನು ಕೂಗಿದೆ, ಕೂಗಿದೆ." ಮತ್ತೆ ಹೇಳಿದಳು, "ಕಾಲುವೆ ನೀರು ನೋಡಿದೆ, ಒಳಗೆ ಹೋಗಬೇಕು, ಅನಿಸು."

ಅವ್ವ ಆ ಸಂಜೆ ಮಾಶಿಯ ಪಕ್ಕದಿಂದ ಏಳಲಿಲ್ಲ. ಮರುದಿನ ಬಜಾರಿನಲ್ಲಿದ್ದ ನಮ್ಮ ಡಾಕ್ಟರ ಹತ್ತಿರ ಶಕ್ತಿಯ ಇಂಜೆಕ್ಷನ್ ಹಾಕಿಸಲು ಕರೆದೊಯ್ದಳು. ಅವರು ಇಂಜೆಕ್ಷನ್ ಹಾಕಲಿಲ್ಲ. ಇದು ಮನಸ್ಸಿನ ಕಾಯಿಲೆ, ತಡಮಾಡದೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗಿ, ಒಬ್ಬಳನ್ನೇ ಬಿಡಬೇಡಿ ಎಂದರು.

ಮಗ ಕೇಳಿದ್ದೇ ತಡ, ಕೈಮುಗಿದು ನಿಂತ. "ಬ್ಯಾಡ್ರಿ ಅಮ್ಮಾರ. ನಮ್ಮನ್ನ ಮೊದಲ ಬಾಂಗ್ಲಾದವ್ರು ಅಂತಾರ. ಅದರ ಮ್ಯಾಲ ಹುಚ್ಚಿ ಮನಿಯವ್ರು ಅನಿಸ್ಕೋಬೇಕೇನ್ರಿ? ತಂಗಿಗೆ ಸಂಬಂಧ ಬಂದೈತಿ, ಮುರದು ಹೋಗ್ತೈತಿ."

ಅವನ ಮೇಲೆ ಸಿಟ್ಟು ಬಂದಿತ್ತು ನನಗೆ. ಈಗ ಬರುವುದಿಲ್ಲ. ಎರಡು ಹೆಸರನ್ನು ಒಟ್ಟಿಗೆ ಹೊರುವುದು ಹೇಗೆಂದು ನನಗೇನು ಗೊತ್ತಿತ್ತು? ಅವ್ವನಿಗೆ ಮಾತ್ರ ಅಷ್ಟು ತಾಳ್ಮೆಯಿರಲಿಲ್ಲ. "ನಿನ್ನ ಕೇಳಾಕ ಬಂದಿಲ್ಲ ನಾನು. ನನ್ನ ಕಣ್ಣಾಗ ಧೂಳು ಬಿದ್ದೈತಿ, ಬಳ್ಳಾರಿಗೆ ತೋರಸಾಕ ಹೊಂಟೀನಿ. ಜೊತಿಗೆ ನಿಮ್ಮವ್ವ ಬರ್ತಾಳ. ಯಾರಿಗೂ ಬ್ಯಾರೆ ಹೇಳಂಗಿಲ್ಲ, ಮಾತು ಕೊಟ್ಟೀನಿ. ಆತಿಲ್ಲೋ?"

ಹಾಗೆ ಇಬ್ಬರೂ ತೋರಣಗಲ್ಲಿನ ಲಾರಿ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಬರತೊಡಗಿದರು. ಸುಳ್ಳಿಗೆ ಬಲ ಬರಲೆಂದು ಅವ್ವ ಅಲ್ಲಿನ ಬಜಾರಿನಲ್ಲಿ ಬರೀ ಗಾಜಿನ ಕನ್ನಡಕ ಕೊಂಡಳು. ಅಕ್ಕಿ ಆರಿಸುವಾಗ ಅದನ್ನು ತಲೆಗೆ ಏರಿಸಿಕೊಂಡು, ಬೀದಿಗೆ ಕಾಲಿಟ್ಟೊಡನೆ ಮೂಗಿಗೆ ಇಳಿಸಿಕೊಳ್ಳುತ್ತಿದ್ದಳು. ನಾನು ನಕ್ಕರೆ ಗುದ್ದು ಬೀಳುತ್ತಿತ್ತು.

ಇದೂ ಸಕ್ಕರೆ ಕಾಯಿಲೆಯ ಹಾಗೆ ಒಂದು ಕಾಯಿಲೆ, ಗುಳಿಗೆ ತಪ್ಪಿಸಬಾರದು, ಬಂದು ಮಾತಾಡಬೇಕು ಎಂದು ಡಾಕ್ಟರು ಹೇಳಿದರಂತೆ. ತೋಳಿನ ತಾಯತ ನೋಡಿ ಇದೇನೆಂದು ಕೇಳಿದ್ದಾರೆ. ಹೊಸ ಮನೆಗೆ ಬಂದವರಿಗೆ ಈ ಊರಿನಲ್ಲಿ ಹೀಗೆ ಕಟ್ಟುತ್ತಾರೆ, ಮರ್ಯಾದೆ ಮಾಡಿದ್ದಾರೆ ಎಂದಳಂತೆ ಮಾಶಿ. ಇದನ್ನು ಹೇಳುವಾಗ ಅವ್ವ ಹಣೆ ಚಚ್ಚಿಕೊಂಡು ಅತ್ತಳು. "ಕೂಗತಿದ್ದಾಗ ಆಕಿ ಚಲೋ ಇದ್ಲು. ಬಾಯಿ ಮುಚ್ಚಿದಾಗ ನಾನು ಆಕಿ ಆರಾಮಾಗ್ಯಾಳ ಅಂತ ಊರ ತುಂಬ ಹೇಳ್ಕೋತ ತಿರುಗಿದೆ."

ಗುಳಿಗೆ ಬೇಗ ಹತ್ತಲಿಲ್ಲ. ಮಾಶಿ ಸದಾ ತೂಕಡಿಸುತ್ತಿದ್ದಳು. ಅವ್ವ ಧೈರ್ಯಗೆಟ್ಟು, ಮತ್ತೆ ಧೈರ್ಯ ತಂದುಕೊಂಡು, ಊಟಕ್ಕೆ ಅವಳನ್ನು ನಮ್ಮ ಅಡುಗೆಮನೆಗೇ ಕರೆಯತೊಡಗಿದಳು. ನಿಧಾನಕ್ಕೆ ಅರ್ಧ ರೊಟ್ಟಿ ಒಂದಾಯಿತು. ಒಂದು ಬೆಳಿಗ್ಗೆ ತುಳಸಿಯ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಸಂಜೆಯೇ ಕೂಗು ಕೇಳಿಸಿತು, ತೆಳ್ಳಗೆ, ನಡುವೆ ಒಮ್ಮೆ ಮುರಿದು.

ಎದುರುಮನೆಯವಳು ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಮತ್ತ ಶುರುವಾತಲ್ರೀ ಅಕ್ಕಾರ! ತಾಯತ ಸಡ್ಲ ಆಗೇತೇನ ನೋಡ್ರಿ."

ಮಾಶಿಯ ಮಗನಿಗೆ ಕೊಟ್ಟ ಮಾತಿತ್ತಲ್ಲ, ಅವ್ವ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡಳು. ಅಷ್ಟರಲ್ಲಿ ಮಾಶಿಯೇ ಬಂದಳು. ಹಿಂದೆ ಮಗ "ಮಾ, ಮಾ" ಎಂದು ತಡೆಯುತ್ತಿದ್ದ.

"ತಾಯತ ಅಲ್ಲ," ಎಂದಳು ಮಾಶಿ. "ಬಳ್ಳಾರಿ. ಮನಸ್ಸಿನ ಡಾಕ್ಟರ್. ಗುಳಿಗೆ. ನಾನು ಸುಮ್ಮನೆ ಇದ್ದೆ, ಆಗ ರೋಗ. ಈಗ ಆರಾಮ. ಅಮ್ಮ ಇಲ್ಲ. ಅದಕ್ಕೇ ನಾನು ಕೂಗಬೇಕು."

ಮಗ ಗೋಡೆ ಕಡೆ ಮುಖ ತಿರುಗಿಸಿದ. ಅವನ ಭಯ ಸುಳ್ಳಾಗಲಿಲ್ಲ. ಮಾತು ಕ್ಯಾಂಪಿನವರೆಗೆ ಹೋಗಿ ತಂಗಿಯ ಆ ಸಂಬಂಧ ಮುರಿಯಿತು. ಮುಂದೆ ಎಲ್ಲ ತಿಳಿದೇ ಒಬ್ಬರು ಅವಳನ್ನು ಸೊಸೆ ಮಾಡಿಕೊಂಡರು. ಆದರೆ ಅಲ್ಲಿಯತನಕ ಆ ಹುಡುಗಿ ಪಟ್ಟ ಪಾಡು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಎದುರುಮನೆಯವಳು ಜಗಳ ತೆಗೆಯುತ್ತಾಳೆಂದುಕೊಂಡಿದ್ದೆ. ಅವಳು ನಮ್ಮ ಕಟ್ಟೆಯ ಮೇಲೆ ಕೂತಳು. ತನ್ನ ಮನೆಯ ಮುಚ್ಚಿದ ಕಿಟಕಿಯ ಕಡೆ ನೋಡಿ, ನಮಗೆ ಮಾತ್ರ ಕೇಳುವಂತೆ ಕೇಳಿದಳು:

"ಆ ಡಾಕ್ಟ್ರು ಯಾವ ವಾರ ಕುಂದಿರ್ತಾರ್ರಿ? ನನ್ನ ತಮ್ಮನ್ನ ಕರ್ಕೊಂಡು ಹೋಗಬೇಕಿತ್ತು."

ಮುಂದಿನ ಸಲ ಬಳ್ಳಾರಿಗೆ ನಾಲ್ವರು ಹೊರಟರು. ಎಷ್ಟೋ ವರ್ಷಕ್ಕೆ ಹೊರಬಂದ ಆ ತಮ್ಮ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಅಕ್ಕನ ಕೈ ಹಿಡಿದಿದ್ದ. ನಲ್ಲಿಯ ಹತ್ತಿರ ಯಾರೋ, "ಕಣ್ಣು ತೋರಸಾಕೇನ್ರಿ?" ಎಂದರು. ಎದುರುಮನೆಯವಳು ನಿಂತು, "ಅಲ್ರಿ, ಮನಸಿಗೆ" ಎಂದಳು. ಅವ್ವನ ಕನ್ನಡಕ ಮನೆಯ ಗೋಡೆಯ ಮಾಡದಲ್ಲೇ ಇತ್ತು.