ಎಮ್ಮೆಗೆ ದಾರಿಯಿಲ್ಲದ ಆಸ್ಪತ್ರೆ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗಿದೆ ನಮ್ಮೂರು. ಅಲ್ಲಿನ ದನದ ಆಸ್ಪತ್ರೆ ಮೊದಲು ಎರಡು ಕೋಣೆಯ ಹೆಂಚಿನ ಮನೆಯಲ್ಲಿತ್ತು. ಮುಂದೆ ಬೇವಿನ ಮರ, ಅದರ ಕೆಳಗೆ ದನ ನಿಲ್ಲಿಸಿ ಕಟ್ಟಲು ಕಬ್ಬಿಣದ ಚೌಕಟ್ಟು. ನೋಡಲು ಏನೂ ಇರಲಿಲ್ಲ. ಆದರೆ ಎತ್ತು, ಎಮ್ಮೆ, ಕುರಿಹಿಂಡು, ಯಾವುದಾದರೂ ನೇರ ನಡೆದು ಬರುತ್ತಿತ್ತು. ಅದನ್ನು ಕೆಡವಿ ಹೊಸದು ಕಟ್ಟಿದರು. ಹೊಳೆಯುವ ಗ್ರಾನೈಟಿನ ಮೆಟ್ಟಿಲು, ಗಾಜಿನ ಬಾಗಿಲು. ಚೌಕಟ್ಟು ಹಿತ್ತಲಿಗೆ ಹೋಯಿತು. ಅಲ್ಲಿಗೆ ಹೋಗಲು ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಸಂದಿ.

ಅದೇ ವರ್ಷ ನನ್ನ ಎಮ್ಮೆ ಈಯಲಾರದೆ ಒದ್ದಾಡಿತು. ಕರುವಿನ ಕಾಲು ಒಳಗೆ ಮಡಚಿಕೊಂಡಿತ್ತು. ಚೌಕಟ್ಟಿನಲ್ಲಿ ನಿಲ್ಲಿಸಿದರೆ ಕೆಲಸ ಸಲೀಸು, ನಡೆಸಿಕೊಂಡು ಬನ್ನಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನಾನೂ ಗಂಡನೂ ಮೆಲ್ಲಗೆ ಕರೆದೊಯ್ದೆವು. ಸಂದಿಯಲ್ಲಿ ಅದರ ಹೊಟ್ಟೆ ಸಿಕ್ಕಿಕೊಂಡಿತು. ಹಿಂದಕ್ಕೆ ಸರಿಸಿ, ಕಟ್ಟಡದ ಒಳಗಿನಿಂದಲೇ ಹಿತ್ತಲಿಗೆ ದಾಟಿಸೋಣವೆಂದು ಮೆಟ್ಟಿಲಿಗೆ ತಂದೆವು. ಮುಂಗಾಲು ಜಾರಿ ಬಿದ್ದದ್ದು ಮತ್ತೆ ಏಳಲಿಲ್ಲ. ಡಾಕ್ಟರು ಅಲ್ಲೇ, ಬಿಸಿಲಲ್ಲೇ ಕೂತು ಕರುವನ್ನು ಎಳೆದರು. ಎಮ್ಮೆ ಉಳಿಯಿತು. ಕರು ಸತ್ತೇ ಬಂತು. ಇಷ್ಟು ಹೊತ್ತು ಹಾಳಾಗದಿದ್ದರೆ ಉಳಿಯುತ್ತಿತ್ತೇನೋ ಎಂದು ಅವರು ನನ್ನ ಮುಖ ನೋಡದೆ ಹೇಳಿದರು.

ವಾರ ಕಳೆದು ಕಟ್ಟಡದ ಫೋಟೊ ತೆಗೆಯಲು ಅದನ್ನು ಕಟ್ಟಿಸಿದ ಎಂಜಿನಿಯರು ಬಂದರು. ದನ ಎಲ್ಲಿಂದ ಒಳಗೆ ಬರಬೇಕೆಂದು ನಾನು ಕೇಳಿದೆ.

“ಪ್ಲಾನ್ ಮ್ಯಾಲಿಂದ ಬಂದೈತಮ್ಮ,” ಅಂದರು. “ನೋಡಾಕ ಚಂದ ಐತಲ್ಲ?”

“ಚಂದ ಐತ್ರಿ. ಕಟ್ಟುವಾಗ ಒಂದ್ಸಲನಾರ ಎಮ್ಮಿ ನೆನಪಾತೇನ್ರಿ ನಿಮಗ?”

ಅವರು ಫೋನ್ ಕಿವಿಗಿಟ್ಟುಕೊಂಡು ಆಚೆ ನಡೆದರು. ನನಗೆ ಸಿಟ್ಟು ಬಂತು. ನಾನು ಗಾರೆ ಕೆಲಸಕ್ಕೆ ಹೋದವಳು. ಯಾರದೇ ಮನೆಯ ಕೊಟ್ಟಿಗೆಗೆ ಪಾಯ ತೋಡುವ ಮುಂಚೆ ನಮ್ಮ ಮೇಸ್ತ್ರಿ ಆ ಮನೆಯ ಎತ್ತುಗಳ ಪಕ್ಕ ನಿಂತು ಅವುಗಳ ಅಗಲವನ್ನು ಮೊಳ ಹಾಕಿ ಅಳೆಯುತ್ತಿದ್ದ. ಅಕ್ಷರ ಬಾರದವನು ಅವನು.

ಮರುದಿನ ಬೆಳಿಗ್ಗೆ ಹಾರೆ ಹಿಡಿದು ಹೋದೆ. ಹಿತ್ತಲ ಕಾಂಪೌಂಡ್ ಗೋಡೆಯಾಚೆ ಬಂಡಿದಾರಿಯಿದೆ. ಬಂಡಿ ಹಾಯುವಷ್ಟು ಅಗಲಕ್ಕೆ ಗೋಡೆ ಕೆಡವಿದೆ. ಬೇಡವೆಂದು ಬೈಯುತ್ತಲೇ ಬಂದ ಗಂಡ ಆಮೇಲೆ ತಾನೂ ಕಲ್ಲು ಎತ್ತಿ ಹಾಕಿದ. ಡಾಕ್ಟರು ಕಿಟಕಿಯಿಂದ ನೋಡಿದರು, ತಡೆಯಲಿಲ್ಲ. ಸರ್ಕಾರಿ ಗೋಡೆ ಒಡೆದವರು ಯಾರೆಂದು ನೋಟಿಸು ಬಂದಾಗ ನಾನೇ ಎಂದು ಬರೆದು ಸಹಿ ಹಾಕಿಕೊಟ್ಟೆ. ಮತ್ತೆ ಯಾರೂ ಕೇಳಲಿಲ್ಲ, ಗೋಡೆಯನ್ನೂ ಕಟ್ಟಲಿಲ್ಲ.

ಈಗ ಊರಿನ ದನಕರುಗಳೆಲ್ಲ ಆ ದಾರಿಯಲ್ಲೇ ಬರುತ್ತವೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಅದೊಂದು ದಾರಿಯನ್ನು ನಾನು ಮಾಡಬೇಕಾಯಿತಲ್ಲ, ಅದೂ ಕರು ಹೋದ ಮೇಲೆ.